ಮಸಿ ಸುಡುವ ನಲವತ್ತು ನಿಮಿಷ

ಹೊಸ ಜೆಸಿಬಿ ಊರಿಗೆ ಬಂದ ದಿನ ಹರಿಕೃಷ್ಣ ಅದರ ಹೊಗೆ ಕೊಳವೆಯ ಬಾಯಿಗೆ ಬಿಳಿ ಕರ್ಚೀಫು ಹಿಡಿದ. ಎಂಜಿನ್ ಓಡುತ್ತಿತ್ತು. ಎರಡು ನಿಮಿಷವಾದ ಮೇಲೆ ಕರ್ಚೀಫನ್ನು ಬಿಡಿಸಿ, ಪೆರೇಸಂದ್ರದ ಟೀ ಅಂಗಡಿ ಮುಂದೆ ನಿಂತಿದ್ದ ಅಷ್ಟೂ ಜನಕ್ಕೆ ತೋರಿಸಿದ. ಒಂದು ಚುಕ್ಕೆ ಮಸಿ ಇರಲಿಲ್ಲ.

"ನೋಡ್ರಪ್ಪ, ಇದ್ರಲ್ಲಿ ಮುಖ ಒರೆಸ್ಕೋಬೋದು," ಎಂದ. ಒರೆಸಿಕೊಂಡೂ ತೋರಿಸಿದ.

ಆ ಬಿಳುಪಿಗೆ ಅವನು ಸುಮಾರು ಮೂರು ಲಕ್ಷ ಹೆಚ್ಚಿಗೆ ಕೊಟ್ಟಿದ್ದ. ಡೀಸೆಲ್ ಹೊಗೆಯ ಹೊಸ ನಿಯಮ ಜಾರಿಗೆ ಬಂದ ಮೇಲೆ ಶೋರೂಮಿನಲ್ಲಿ ಹಳೆಯ ಬೆಲೆಯ ಮಾತೇ ಇರಲಿಲ್ಲ. ನಿಯಮ ಹೊಸದಾಗಿ ಮಾರುವ ಗಾಡಿಗಳಿಗೆ ಮಾತ್ರ. ಈಗಾಗಲೇ ಓಡುತ್ತಿರುವವು ಮೊದಲಿನ ಹಾಗೇ ಕರ್ರಗೆ ಉಗುಳಿಕೊಂಡು ಓಡಬಹುದು. ಹರಿಕೃಷ್ಣ ತನ್ನ ಹನ್ನೆರಡು ವರ್ಷದ ಹಳೆಯ ಗಾಡಿಯನ್ನು ಅದೇ ಊರಿನ ಕೋನಪ್ಪನಿಗೆ ಮಾರಿದ. ಕೋನಪ್ಪ ಅದಕ್ಕೆ ಹಳದಿ ಬಣ್ಣ ಬಳಿಸಿ, ಗಂಟೆಗೆ ನೂರೈವತ್ತು ರೂಪಾಯಿ ಇಳಿಸಿ, ಹರಿಕೃಷ್ಣನ ಗಿರಾಕಿಗಳ ಬಾಗಿಲಿಗೇ ಹೋದ. ಅದರಲ್ಲಿ ಮೋಸವೇನಿಲ್ಲ. ಹರಿಕೃಷ್ಣನೂ ಹಾಗೇ ಶುರು ಮಾಡಿದವನು.

ಗಾಡಿ ಓಡಿಸುವವನು ಜಗನ್. ಇಪ್ಪತ್ತಾರು ವರ್ಷ, ಅದೇ ಊರಿನ ಕಾಲೋನಿಯವನು. ಆರು ವರ್ಷ ಹಳೆಯ ಗಾಡಿಯಲ್ಲಿ ಬೆವರು ಸುರಿಸಿ, ಹೊಸದರ ಏಸಿ ಕ್ಯಾಬಿನ್ನಿನಲ್ಲಿ ಮೊದಲ ದಿನ ಕೂತಾಗ, "ಅಣ್ಣ, ಇದ್ರಲ್ಲಿ ನಿದ್ದೆ ಬರ್ತೈತೆ," ಎಂದು ನಿಜ ಹೇಳಿ ಬೈಸಿಕೊಂಡಿದ್ದ.

ಗಾಡಿ ಒಪ್ಪಿಸುವಾಗ ಶೋರೂಮಿನವರು ಒಂದು ಪಾಠ ಮಾಡಿದ್ದರು. ಮಸಿ ಹೊರಗೆ ಬರುವುದಿಲ್ಲ ಎಂದರೆ ಮಾಯವಾಗುತ್ತದೆ ಎಂದಲ್ಲ, ಒಳಗಿನ ಫಿಲ್ಟರಿನಲ್ಲಿ ಕೂರುತ್ತದೆ. ತುಂಬುತ್ತಾ ಬಂದಾಗ ಹಳದಿ ದೀಪ ಹತ್ತುತ್ತದೆ. ಆಗ ಗಾಡಿಯನ್ನು ಒಂದು ಕಡೆ ನಿಲ್ಲಿಸಬೇಕು. ಎಂಜಿನ್ ತಾನೇ ಜೋರಾಗಿ ಓಡಿ, ಫಿಲ್ಟರನ್ನು ಕಾಯಿಸಿ, ಮಸಿಯನ್ನು ಸುಟ್ಟುಕೊಳ್ಳುತ್ತದೆ. ನಲವತ್ತು ನಿಮಿಷ ಬೇಕು. ಮಧ್ಯೆ ಆರಿಸಬಾರದು. ತೀರಾ ಅವಸರವಿದ್ದರೆ ಮುಂದಕ್ಕೆ ಹಾಕಲು ಒಂದು ಬಟನ್ ಇದೆ, ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ.

ಈ ಪಾಠ ನಡೆಯುವಾಗ ಹರಿಕೃಷ್ಣ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಅವನ ಕಿವಿಗೆ ಬಿದ್ದದ್ದು 'ಬಟನ್ ಇದೆ' ಎಂಬುದಷ್ಟೇ.

ಈ ಕಡೆ ಜೆಸಿಬಿ ಕೆಲಸವೆಲ್ಲ ಗಂಟೆ ಲೆಕ್ಕ. ಗಾಡಿಯೊಳಗೆ ಒಂದು ಮೀಟರಿದೆ, ಎಂಜಿನ್ ಓಡಿದಷ್ಟು ಹೊತ್ತೂ ಅದು ಓಡುತ್ತದೆ. ಕೆಲಸ ಶುರುವಾಗುವಾಗ ಗಿರಾಕಿ ಕ್ಯಾಬಿನ್ನಿಗೆ ತಲೆ ಹಾಕಿ ಮೀಟರಿನ ಫೋಟೋ ಹೊಡೆದುಕೊಳ್ಳುತ್ತಾನೆ. ಮುಗಿದಾಗ ಇನ್ನೊಂದು ಫೋಟೋ. ನಡುವೆ ಮನೆಯವರು ಒಬ್ಬರು ಬದುವಿನ ಮೇಲೆ ಕೂತು ಗಾಡಿ ಕಾಯುತ್ತಾರೆ. ಡ್ರೈವರ್ ಫೋನ್ ಹಿಡಿದರೆ ಕೆಮ್ಮುತ್ತಾರೆ. ಅವನು ಮೂತ್ರಕ್ಕೆ ಇಳಿದರೆ, "ಎಂಜಿನ್ ಆಫ್ ಮಾಡಿ ಇಳಿಯಪ್ಪ," ಎನ್ನುತ್ತಾರೆ. ಮಧ್ಯಾಹ್ನ ಡ್ರೈವರಿಗೆ ಊಟ ಅವರದೇ. ಮುದ್ದೆ ಎರಡಾದರೂ ಪರವಾಗಿಲ್ಲ, ಮೀಟರು ಮಾತ್ರ ಆಗ ಸತ್ತಿರಬೇಕು.

ಇಂಥವರ ಮುಂದೆ ನಲವತ್ತು ನಿಮಿಷ ಗಾಡಿ ನಿಲ್ಲಿಸಿ, ಎಂಜಿನ್ ಅರಚಾಡುವುದನ್ನು ತೋರಿಸುವುದು ಹೇಗೆ?

ಮೊದಲ ಸಲ ದೀಪ ಹತ್ತಿದಾಗ ಜಗನ್ ಹರಿಕೃಷ್ಣನಿಗೆ ಫೋನ್ ಮಾಡಿದ್ದ.

"ಗಿರಾಕಿ ಮುಂದೆ ಬೇಡ ಕಣೋ. ಬಟನ್ ಒತ್ತು, ಸಂಜೆ ನೋಡ್ಕೊಳಣ."

ಸಂಜೆ ಕೇಳಿದರೆ, "ಈಗ್ಯಾಕೆ ನಾಲ್ಕು ಲೀಟ್ರು ಡೀಸೆಲ್ ಸುಮ್ನೆ ಸುಡ್ತೀಯ? ನಾಳೆ ಕೆಲ್ಸದ ಮಧ್ಯೆ ಆಗ್ಲಿ ಬಿಡು."

ಮಾರನೆಯ ದಿನ ಮತ್ತೊಬ್ಬ ಗಿರಾಕಿ, ಮತ್ತೊಂದು ಬದು. ಮೂರು ಸಲ ಜಗನ್ ಕೆಲಸ ಮುಗಿಸಿ ಮರಳುವಾಗ ದಾರಿ ಪಕ್ಕ ನಿಲ್ಲಿಸಿ, ಕದ್ದು ಪೂರ್ತಿ ಸುಡಿಸಿದ. ಮೂರನೆಯ ಸಲ ಹರಿಕೃಷ್ಣನಿಗೆ ಡೀಸೆಲ್ ಲೆಕ್ಕದಲ್ಲಿ ಗೊತ್ತಾಯಿತು. "ಡೀಸೆಲ್ ಮಾರ್ಕೊಂಡ್ಯಾ?" ಎಂದ. ಜಗನ್ ಅಂದಿನಿಂದ ಕದ್ದು ಸುಡಿಸುವುದನ್ನು ಬಿಟ್ಟು ಬಟನ್ ಒತ್ತಿದ.

ನವೆಂಬರಿನಲ್ಲಿ ಮಂಡಿಕಲ್ಲಿನ ಮುನಿಗಂಗಪ್ಪನ ದ್ರಾಕ್ಷಿ ತೋಟದ ಪಕ್ಕ ಕೃಷಿ ಹೊಂಡ ತೋಡುವ ಕೆಲಸ ಬಂತು. ಮುನಿಗಂಗಪ್ಪನಿಗೆ ಅರವತ್ತೈದಾಗಿತ್ತು. ದ್ರಾಕ್ಷಿ ಕ್ರೇಟನ್ನು ಬೋರಲು ಹಾಕಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಕೂರುವ ತಾಳ್ಮೆ ಅವನಿಗಿತ್ತು. ಮೊದಲ ದಿನವೇ ದೀಪ ಹತ್ತಿತು. ಜಗನ್ ಗಾಡಿ ನಿಲ್ಲಿಸಿ ನೋಡಿದ.

"ಯಾಕಪ್ಪ ಜಗನ್ನು, ನಿಂತ್ಬುಟ್ಟೆ?"

"ಮಸಿ ಸುಡ್ತಾ ಐತೆ ಯಜಮಾನ್ರೇ. ನಲವತ್ತು ನಿಮಿಷ."

"ಯಾರ ಮಸಿ?"

"ಗಾಡೀದು."

"ಗಾಡಿ ಯಾರ್ದು?"

"ಹರಿಯಣ್ಣಂದು."

"ಅಂಗಾರೆ ಹರಿ ಮನೆ ಮುಂದೆ ಸುಟ್ಕೊಳ್ಳಿ. ಮೀಟ್ರು ಓಡಿಸ್ಕೊಂಡು ಸುಡೋಕೆ ನನ್ನ ಹೊಲ ಏನು ಸುಡುಗಾಡಾ?"

ಜಗನ್ ಬಟನ್ ಒತ್ತಿದ. ಆ ದಿನ ಇನ್ನೂ ಮೂರು ಸಲ ಒತ್ತಿದ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಹೊಂಡ ಮುಕ್ಕಾಲು ಪಾಲು ಆಗಿದ್ದಾಗ, ಹಳದಿ ದೀಪ ಕೆಂಪಾಯಿತು. ಕ್ಯಾಬಿನ್ನಿನೊಳಗೆ ಏನೋ ಕಿರ್ರನೆ ಕೂಗತೊಡಗಿತು. ಎಂಜಿನ್ ಸೊರಗಿತು, ಎಷ್ಟು ಒತ್ತಿದರೂ ಏರಲಿಲ್ಲ. ಜಗನ್ ಗಾಡಿಯನ್ನು ಹೊಂಡದಿಂದ ಮೇಲೆ ತರಲು ನೋಡಿದ. ಅರ್ಧ ಇಳಿಜಾರು ಹತ್ತಿ, ಕೆಮ್ಮಣ್ಣಿನಲ್ಲಿ ಜಾರಿ, ಮತ್ತೆ ತಳಕ್ಕೆ ಬಂದು ನಿಂತಿತು. ಬಟನ್ ಒತ್ತಿದ. ಈ ಸಲ ಬಟನ್ನಿಗೂ ಬೆಲೆ ಇರಲಿಲ್ಲ.

ಮುನಿಗಂಗಪ್ಪ ಹೊಂಡದ ಅಂಚಿಗೆ ಬಂದು ಬಗ್ಗಿ ನೋಡಿದ. "ಸೋಮವಾರ ಹೊಂಡಕ್ಕೆ ಪ್ಲಾಸ್ಟಿಕ್ ಶೀಟು ಹಾಸೋರು ಬರ್ತಾರೆ ಕಣಪ್ಪ. ನೀರು ತುಂಬ್ಸೋಕೆ ಹೊಂಡ ತೋಡಿಸ್ತಿದ್ರೆ ನೀನು ಜೆಸಿಬಿ ತುಂಬ್ಸಿದ್ದೀಯ."

ಅಷ್ಟು ಹೇಳಿ ಅವನು ಕೋನಪ್ಪನಿಗೆ ಫೋನ್ ಮಾಡಿದ.

ಹರಿಕೃಷ್ಣ ಮುಕ್ಕಾಲು ಗಂಟೆಯಲ್ಲಿ ಬೈಕಿನಲ್ಲಿ ಬಂದ. ಗಾಡಿಯನ್ನು ನೋಡಿದ, ಕೆಂಪು ದೀಪ ನೋಡಿದ, ಆಮೇಲೆ ಜಗನ್‌ನನ್ನು ನೋಡಿದ.

"ಏನ್ಮಾಡ್ದೆ ಲೇ?"

"ನೀವು ಹೇಳಿದ್ದೇ ಮಾಡ್ದೆ ಅಣ್ಣ. ಬಟನ್ ಒತ್ತಿದೆ."

"ನಾನು ಒಂದ್ಸಲ ಹೇಳ್ದೆ. ಜೀವಮಾನ ಪೂರ್ತಿ ಒತ್ಕೊಂಡಿರು ಅಂದ್ನಾ?"

ಹರಿಕೃಷ್ಣ ಫೋನ್ ಮಾಡಿದ ಮೇಲೆ ಚಿಕ್ಕಬಳ್ಳಾಪುರದ ಸರ್ವಿಸ್ ಸೆಂಟರಿನಿಂದ ಮೆಕ್ಯಾನಿಕ್ ಅಮೃತ ಸ್ಕೂಟರಿನಲ್ಲಿ ಬಂದಳು. ಚಿಂತಾಮಣಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ಕಾಲಿಗೆ ಸೇಫ್ಟಿ ಶೂ. ಹೊಂಡಕ್ಕೆ ಇಳಿಯುವಾಗ ಕೈ ಹಿಡಿಯಲು ಬಂದ ಮುನಿಗಂಗಪ್ಪನಿಗೆ, "ಬೇಡ ತಾತ, ನೀವು ಬಿದ್ರೆ ಇಬ್ರನ್ನ ಎತ್ತಬೇಕಾಗ್ತದೆ," ಎಂದಳು. ಗಾಡಿಗೆ ಕೇಬಲ್ ಸಿಕ್ಕಿಸಿ ಐದು ನಿಮಿಷ ಸ್ಕ್ರೀನ್ ನೋಡಿದಳು.

"ಸರ್, ಫಿಲ್ಟರ್ ಕಟ್ಕೊಂಡಿದೆ. ಇಲ್ಲೇ ಸುಡಿಸೋ ಮಟ್ಟ ದಾಟಿದೆ. ಸುಡಿಸೋಕೆ ಹೋದ್ರೆ ಫಿಲ್ಟರೇ ಸೀಳತ್ತೆ. ಬಿಚ್ಚಿ ಸೆಂಟರ್‌ಗೆ ತಗೊಂಡೋಗಿ ಕ್ಲೀನ್ ಮಾಡ್ಬೇಕು."

"ವಾರಂಟಿ ಐತಲ್ಲಮ್ಮ."

"ಸುಡೋದನ್ನ ಬಟನ್ ಒತ್ತಿ ನಾವಾಗೇ ನಿಲ್ಸಿದ್ರೆ ವಾರಂಟಿ ಬರಲ್ಲ ಸರ್. ಕ್ಲೀನಿಂಗು, ಎರಡು ಸೆನ್ಸರ್ರು, ಲೇಬರ್ರು, ಎಲ್ಲ ಸೇರಿ ಎಪ್ಪತ್ತು ಸಾವಿರದ ಮೇಲಾಗ್ತದೆ. ಕ್ಲೀನ್ ಆಗ್ಲಿಲ್ಲ ಅಂದ್ರೆ ಹೊಸ ಫಿಲ್ಟರ್. ಅದರ ರೇಟು ಈಗ ಹೇಳಲ್ಲ, ಇಳಿಜಾರಲ್ಲಿ ನಿಂತಿದ್ದೀರ."

ಹರಿಕೃಷ್ಣ ಜಗನ್ ಕಡೆ ತಿರುಗಿದ. "ಕೇಳಿಸ್ತಾ? ಎಪ್ಪತ್ತು ಸಾವ್ರ. ನಿನ್ನ ಸಂಬಳದಾಗೆ ಹಿಡ್ಕೊಳ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಕೀ ಕೊಟ್ಟು ಹೋಗು."

ಜಗನ್‌ಗೆ ತಿಂಗಳಿಗೆ ಇಪ್ಪತ್ತು ಸಾವಿರ, ಜೊತೆಗೆ ಮೀಟರ್ ಓಡಿದ ಗಂಟೆಗೆ ನಲವತ್ತು ರೂಪಾಯಿ ಭತ್ಯೆ. ಎಪ್ಪತ್ತು ಸಾವಿರ ಎಂದರೆ ಮೂರೂವರೆ ತಿಂಗಳು ಸುಮ್ಮನೆ ದುಡಿಯುವುದು. ಸುಮ್ಮನೆ ದುಡಿಯದಿದ್ದರೆ ಆ ಸೀಟು ಹೋಗುತ್ತದೆ. ಅವನು ಕೀಲಿಯನ್ನು ಜೇಬಿನಿಂದ ತೆಗೆದ. ಕೊಡಲಿಲ್ಲ, ಕೈಯಲ್ಲೇ ಇಟ್ಟುಕೊಂಡ.

"ಮೇಡಂ," ಎಂದು ಅಮೃತಳನ್ನು ಕೇಳಿದ, "ಬಟನ್ ಯಾವಾಗ್ಯಾವಾಗ ಒತ್ತಿದ್ದು ಅಂತ ಅದ್ರಲ್ಲಿ ಬರ್ತೈತಾ?"

"ತಾರೀಕು, ಟೈಮು, ಎಲ್ಲ ಬರ್ತದೆ."

"ಓದಿ."

"ಒಟ್ಟು ಐವತ್ಮೂರು ಸಲ ಮಧ್ಯದಲ್ಲಿ ನಿಲ್ಸಿದ್ದಾರೆ. ಪೂರ್ತಿ ಆಗಿರೋದು ಮೂರೇ ಸಲ."

"ಐವತ್ಮೂರು!" ಹರಿಕೃಷ್ಣ ಕೈ ಮೇಲೆತ್ತಿದ. "ನೋಡಿ ಮುನಿಗಂಗಣ್ಣ, ಐವತ್ಮೂರಂತೆ! ಇವನಿಗೆ ನಾನು ಅನ್ನ ಹಾಕಿದ್ದೀನಿ."

"ಅನ್ನ ನಾವು ಹಾಕಿದ್ದು," ಎಂದ ಮುನಿಗಂಗಪ್ಪ. "ನೀನು ಸಂಬಳ ಕೊಟ್ಟಿದ್ದೀಯ."

"ತಾರೀಕು ಓದಿ ಮೇಡಂ," ಎಂದ ಜಗನ್.

ಅಮೃತ ಓದಿದಳು. ಏಪ್ರಿಲ್‌ನಲ್ಲಿ ಒಂದು, ಮೇನಲ್ಲಿ ಎರಡು, ಜೂನ್, ಜುಲೈನಲ್ಲಿ ಒಟ್ಟು ಹನ್ನೊಂದು. ಆಮೇಲೆ ಅವಳು ನಿಂತು, ಸ್ಕ್ರೀನನ್ನು ಹತ್ತಿರ ಹಿಡಿದು ನೋಡಿದಳು. "ಇದೇನಿದು? ಆಗಸ್ಟ್ ಹತ್ತೊಂಬತ್ತರಿಂದ ಇಪ್ಪತ್ತೆರಡು, ನಾಲ್ಕು ದಿನದಲ್ಲಿ ಹತ್ತೊಂಬತ್ತು ಸಲ. ಇಲ್ಲೇ ಸರ್ ಫಿಲ್ಟರ್ ಕೆಟ್ಟಿರೋದು. ಅಲ್ಲಿಂದ ಮೇಲೆ ಅದು ಚೇತರಿಸ್ಕೊಂಡೇ ಇಲ್ಲ."

"ಆ ನಾಲ್ಕು ದಿನ ನಾನಿರ್ಲಿಲ್ಲ," ಎಂದ ಜಗನ್. "ಗೌರಿಬಿದನೂರಲ್ಲಿ ನಮ್ಮಕ್ಕನ ಮದುವೆ. ರಜ ಹಾಕಿದ್ದೆ."

ಮುನಿಗಂಗಪ್ಪ ಕ್ರೇಟನ್ನು ಅಂಚಿಗೆ ಎಳೆದುಕೊಂಡು ಕೂತ.

"ಆಗ ಗಾಡಿ ಓಡ್ಸಿದ್ದು ಯಾರು?" ಎಂದಳು ಅಮೃತ.

ಹರಿಕೃಷ್ಣ ಗಾಡಿಯ ಟೈರು ನೋಡುತ್ತಾ, "ನೀನು ಇವನ ಕಡೆಯೋಳು ಅಲ್ವೇನಮ್ಮ?" ಎಂದ. "ನಿಮ್ಮಪ್ಪ ವೆಂಕಟರವಣಪ್ಪ ಮೇಷ್ಟ್ರು ಬುದ್ಧಪೂರ್ಣಿಮೆಗೆ ಇವರ ಕಾಲೋನಿಗೆ ಬಂದು ಭಾಷಣ ಮಾಡ್ತಾರಲ್ಲ. ನಂಗೊತ್ತು."

"ಬರ್ತಾರೆ ಸರ್. ಗಾಡಿ ಕಂಪ್ಯೂಟರ್ ಬರಲ್ಲ," ಎಂದಳು ಅಮೃತ. "ಹೇಳಿ, ಯಾರು ಓಡ್ಸಿದ್ದು?"

ಹೇಳದೆ ವಿಧಿಯಿರಲಿಲ್ಲ. ಶಿಡ್ಲಘಟ್ಟದ ಹತ್ತಿರ ಹರಿಕೃಷ್ಣನ ಮಾವನ ಮನೆ. ಹಳೆಯ ಹಿಪ್ಪುನೇರಳೆ ತೋಟ ಕಿತ್ತು ಹೊಸದು ಹಾಕಬೇಕಿತ್ತು. ಅಳಿಯ ಹೊಸ ಗಾಡಿ ತಂದಿದ್ದಾನೆ, ಬಾಡಿಗೆ ಬೇರೆಯವರಿಗೆ ಯಾಕೆ ಕೊಡಬೇಕು? ಜಗನ್ ಇಲ್ಲದ್ದರಿಂದ ಹರಿಕೃಷ್ಣ ತಾನೇ ಕೂತು ಓಡಿಸಿದ್ದ. ತೋಟದ ಪಕ್ಕಕ್ಕೇ ಹುಳು ಮನೆ.

"ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ವು ಕಣಮ್ಮ," ಎಂದ.

ಅಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿ ಮಲಗುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಬಿಸಿ ತಾಗಬಾರದು, ಘಾಟು ತಾಗಬಾರದು, ಪಕ್ಕದಲ್ಲಿ ಒಗ್ಗರಣೆ ಕೂಡ ಹಾಕುವುದಿಲ್ಲ.

"ಗಾಡಿ ಸುಡೋಕೆ ಶುರು ಮಾಡಿದ್ರೆ ಒಲೆ ಥರ ಕಾಯ್ತೈತೆ. ಗೋಡೆ ಆ ಕಡೆ ಎರಡು ಲಕ್ಷದ ಬೆಳೆ. ನಮ್ಮಾವ ಟವೆಲ್ ಬೀಸ್ಕೊಂಡು ಓಡಿ ಬಂದು, 'ಏನ್ ಅಳಿಯಂದ್ರೇ, ಹುಳ ಸಾಯಿಸೋಕೆ ಬಂದ್ರಾ?' ಅಂದ್ರು. ಒತ್ದೆ. ಮತ್ತೆ ಶುರು ಆಯ್ತು, ಮತ್ತೆ ಒತ್ದೆ. ಏನ್ ಮಾಡ್ಬೇಕಿತ್ತು?"

"ನೂರು ಅಡಿ ದೂರ ತಗೊಂಡೋಗಿ ನಿಲ್ಲಿಸ್ಬೇಕಿತ್ತು," ಎಂದಳು ಅಮೃತ.

"ಅದು... ಹೊಳೀಲಿಲ್ಲ."

ಮುನಿಗಂಗಪ್ಪನಿಗೆ ಬೆಳಗಿನ ಸಿಟ್ಟೆಲ್ಲ ಇಳಿದು ಉತ್ಸಾಹ ಬಂದಿತ್ತು. "ಸರಿ ಬಿಡ್ರಪ್ಪ, ನಾನು ಪಂಚಾಯ್ತಿ ಮಾಡ್ತೀನಿ. ಹರೀ, ಹತ್ತೊಂಬತ್ತು ನಿಂದು. ಮಿಕ್ಕಿದ್ದು ಇವಂದು. ಲೆಕ್ಕ ಹಾಕಿ ಹಂಚ್ಕೊಳ್ಳಿ."

"ಈ ವಾರದ್ದೂ ಓದಿ ಮೇಡಂ," ಎಂದ ಜಗನ್.

"ಈ ವಾರ ಒಂಬತ್ತು."

"ಅದು ನಿಮ್ದು ಯಜಮಾನ್ರೇ. ಈ ಹೊಂಡದಾಗೆ, ನೀವು ಸುಡುಗಾಡಾ ಅಂದಿದ್ದಕ್ಕೆ. ಒಂಬತ್ತರದ್ದು ನೀವು ಕೊಡ್ತೀರಾ?"

ಮುನಿಗಂಗಪ್ಪನಿಗೆ ತಟ್ಟನೆ ಹಸುವಿಗೆ ನೀರು ತೋರಿಸಬೇಕೆಂದು ನೆನಪಾಯಿತು. ಎದ್ದು ಹೋದ.

ಹೊರಟವನು ಅರ್ಧ ದಾರಿಯಲ್ಲೇ ನಿಂತ. ಕೋನಪ್ಪ ಬರುತ್ತಿದ್ದ. ಕಾಣುವುದಕ್ಕೆ ಮುಂಚೆ ಹೊಗೆ ಕಂಡಿತು. ಕ್ಯಾಬಿನ್ನಿನಲ್ಲಿ ಅವನೇ ಕೂತು ಓಡಿಸುತ್ತಿದ್ದ, ಅವನ ಡ್ರೈವರ್ ಓಡಿಹೋಗಿ ವಾರವಾಗಿತ್ತು. ಹೊಂಡದ ಅಂಚಿನಲ್ಲಿ ನಿಲ್ಲಿಸಿ ಇಣುಕಿದ.

"ಏಮಪ್ಪಾ ಹರೀ, ಹೊಸ ಮದುಮಗಳು ಬಾವಿಗೆ ಬಿದ್ಲಾ?"

"ಸರಪಳಿ ಹಾಕಪ್ಪ ಸುಮ್ನೆ."

ಹಳೆಯ ಗಾಡಿ ಹೊಸದನ್ನು ಎಳೆಯಿತು. ಎಳೆಯುವಾಗ ಅದು ಉಗುಳಿದ ಹೊಗೆಗೆ ಅಮೃತ ಲ್ಯಾಪ್‌ಟಾಪನ್ನು ಚೀಲದೊಳಗೆ ಹಾಕಿ ಮೂಗಿಗೆ ವೇಲು ಸುತ್ತಿಕೊಂಡಳು. ಅರ್ಧ ಗಂಟೆಯಲ್ಲಿ ಗಾಡಿ ಮೇಲೆ ಬಂತು. ಕೋನಪ್ಪ ಕೆಳಗಿಳಿದು, ಕರ್ರಗಾಗಿದ್ದ ಮೂಗನ್ನು ಒರೆಸಿಕೊಂಡು, ನಡೆದದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಹರಿಕೃಷ್ಣನ ಎದುರಿಗೇ ಜಗನ್‌ಗೆ ಹೇಳಿದ:

"ನನ್ನ ಹತ್ರ ಬಂದ್ಬುಡು ಜಗನ್. ಇಪ್ಪತ್ತೆರಡು ಕೊಡ್ತೀನಿ. ನನ್ನ ಗಾಡೀಲಿ ದೀಪಾನೂ ಇಲ್ಲ, ಬಟನ್ನೂ ಇಲ್ಲ. ಮಸಿ ಎಲ್ಲ ಊರಿಗೆ ಬಿಟ್ಟಿ."

ಜಗನ್ ಹಳೆಯ ಗಾಡಿಯ ಸೀಟು ನೋಡಿದ. ಸೀಟಿನ ಹರಿದ ರೆಕ್ಸಿನ್ ಮೇಲೆ ಹಾಕಿದ್ದ ಗೋಣಿಚೀಲ ಅವನೇ ಹಾಕಿದ್ದು. ಆರು ವರ್ಷ ಅದರ ಮೇಲೆ ಕೂತು ಮನೆಗೆ ಹೋಗಿ ಕರ್ರಗೆ ಕಫ ಉಗುಳಿದ್ದ. ಹೋಗುವ ಆಸೆ ಅವನಿಗಿರಲಿಲ್ಲ. ಆದರೆ ಅದನ್ನು ಹರಿಕೃಷ್ಣನಿಗೆ ಯಾಕೆ ಹೇಳಬೇಕು?

"ಅರ್ಧ ಅರ್ಧ," ಎಂದ ಹರಿಕೃಷ್ಣ, ಕೋನಪ್ಪನಿಗೆ ಕೇಳಿಸದ ಹಾಗೆ.

"ಇಲ್ಲ ಅಣ್ಣ."

"ಮತ್ತೆ? ಕಾಲು ಭಾಗ?"

"ಒಂದು ರೂಪಾಯೂ ಇಲ್ಲ. ದೀಪ ಹತ್ತಿದ್ರೆ ನಾನು ನಿಲ್ಲಿಸ್ತೀನಿ, ಪೂರ್ತಿ ಸುಡಿಸ್ತೀನಿ. ಗಿರಾಕಿ ದುಡ್ಡು ಕೊಡದಿದ್ರೂ ಆ ನಲವತ್ತು ನಿಮಿಷಕ್ಕೂ ನಂಗೆ ಭತ್ಯೆ ಬೇಕು. ಡೀಸೆಲ್ ಯಾಕೆ ಅಂತ ಕೇಳೋ ಹಾಗಿಲ್ಲ."

"ಗಿರಾಕಿ ಸುಮ್ನಿರ್ತಾನೇನೋ?"

"ಸುಮ್ನಿರಲ್ಲ. ಜಗಳ ನೀವು ಆಡಿ. ಗಾಡಿ ನಿಮ್ದು, ಮಸಿ ನಿಮ್ದು."

"ಎಲ್ಲ ನಾನೇ ಮಾಡಿದ್ರೆ ನೀನೇನು ಮಾಡ್ತೀಯ?"

"ಓಡಿಸ್ತೀನಿ."

ಹರಿಕೃಷ್ಣ ಕೋನಪ್ಪನ ಕಡೆ ನೋಡಿದ. ಕೋನಪ್ಪ ಆಗಲೇ ಹೊಂಡಕ್ಕೆ ಇಳಿದು, ಮುನಿಗಂಗಪ್ಪನ ಜೊತೆ ಮೀಟರಿನ ಫೋಟೋ ವಿಷಯಕ್ಕೆ ಕಿತ್ತಾಡುತ್ತಿದ್ದ. ಅಮೃತ ಹೆಲ್ಮೆಟ್ ಹಾಕಿಕೊಂಡು, "ಸರ್, ಬಿಲ್ ಯಾರ ಹೆಸರಿಗೆ?" ಎಂದಳು.

"ನನ್ನ ಹೆಸರಿಗೆ," ಎಂದ ಹರಿಕೃಷ್ಣ. ತಪ್ಪು ತನ್ನದೆಂದು ಹೇಳಲಿಲ್ಲ. ಜಗನ್ ಅದನ್ನು ಕಾಯಲೂ ಇಲ್ಲ. ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಗಾಡಿ ಸಾಗಿಸುವ ಲಾರಿಗೆ ಫೋನ್ ಮಾಡತೊಡಗಿದ.

ಫಿಲ್ಟರ್ ಕ್ಲೀನ್ ಆಯಿತು, ಹೊಸದು ಬೇಕಾಗಲಿಲ್ಲ. ಎರಡು ವಾರದ ಮೇಲೆ ಮುದ್ದೇನಹಳ್ಳಿ ರಸ್ತೆಯಲ್ಲಿ ಪದ್ಮಶ್ರೀ ಎಂಬ ಹೈಸ್ಕೂಲ್ ಗಣಿತ ಮೇಡಂ ಮನೆ ಕಟ್ಟಲು ಪಾಯ ತೆಗೆಸುತ್ತಿದ್ದರು. ಕೈಯಲ್ಲಿ ಛತ್ರಿ, ಫೋನಿನಲ್ಲಿ ಸ್ಟಾಪ್‌ವಾಚ್. ಹತ್ತೂವರೆಗೆ ಹಳದಿ ದೀಪ ಹತ್ತಿತು. ಜಗನ್ ಗಾಡಿಯನ್ನು ಮಣ್ಣಿನ ರಾಶಿಯಿಂದ ದೂರ ಒಯ್ದು, ಬಯಲಿನಲ್ಲಿ ನಿಲ್ಲಿಸಿ ಇಳಿದ. ಎಂಜಿನ್ ಅರಚತೊಡಗಿತು.

"ಇದೇನಪ್ಪ, ಖಾಲಿ ನಿಂತು ಓಡ್ತಿದೆ?" ಎಂದರು ಪದ್ಮಶ್ರೀ. "ಈ ನಿಮಿಷಗಳನ್ನ ಯಾವ ಲೆಕ್ಕಕ್ಕೆ ಸೇರಿಸ್ತೀರ?"

"ಓನರ್ ಹೇಳ್ತಾರೆ ಮೇಡಂ," ಎಂದು ಜಗನ್ ಫೋನ್ ಮಾಡಿ ಅವರ ಕೈಗೆ ಕೊಟ್ಟ.

ಹರಿಕೃಷ್ಣ ಫೋನಿನಲ್ಲಿ ಸೋತ. ಚಿಕ್ಕಬಳ್ಳಾಪುರದಲ್ಲೇ ಇದ್ದವನು ಹತ್ತು ನಿಮಿಷದಲ್ಲಿ ಬೈಕಿನಲ್ಲಿ ಓಡಿ ಬಂದ. ಹೊಗೆ, ನಿಯಮ, ಮೂರು ಲಕ್ಷ, ಮಕ್ಕಳ ಶ್ವಾಸಕೋಶ, ದೇಶ ಎಲ್ಲವನ್ನೂ ಹೇಳಿದ. ಪದ್ಮಶ್ರೀ ಎಲ್ಲಕ್ಕೂ ತಲೆಯಾಡಿಸಿ, "ಒಳ್ಳೇದೇ. ಆದ್ರೆ ನನ್ನ ಪಾಯ ಎಷ್ಟು ಅಡಿ ಇಳೀತು?" ಎಂದರು.

"ಮೇಡಂ, ಅರ್ಧ ನಿಮ್ದು, ಅರ್ಧ ನಂದು."

"ಸೊನ್ನೆ ನಂದು."

"ಕಾಲು ಭಾಗ ಮೇಡಂ!"

ಜಗನ್ ಹೊಂಗೆ ಮರದ ಕೆಳಗೆ ಟವೆಲ್ ಹಾಸಿ, ಪದ್ಮಶ್ರೀ ಮನೆಯಿಂದ ಬಂದಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದ. ಇನ್ನೂ ಇಪ್ಪತ್ತು ನಿಮಿಷ ಇತ್ತು. ಹರಿಕೃಷ್ಣ ಎರಡು ಸಲ ಅವನ ಕಡೆ ತಿರುಗಿ, "ಏನಾದ್ರೂ ಹೇಳೋ," ಎಂಬಂತೆ ನೋಡಿದ. ಜಗನ್ ಕಡಲೆಬೀಜ ಆರಿಸಿ ತಿನ್ನುತ್ತಿದ್ದ.